ನೆಲಗಪ್ಪೆಯ ಹೊಂಡಕ್ಕೆ ಶ್ರಮದಾನ

ಕೊರೊನಾದ ಗಲಾಟೆ ಎಲ್ಲ ತಣ್ಣಗಾದ ಮರುವರ್ಷ ನಾನು ಕಡಬ ತಾಲೂಕಿನಲ್ಲಿ ಘಟ್ಟದ ಬುಡದ ಒಂದು ಅರಣ್ಯ ವಲಯಕ್ಕೆ ರೇಂಜರ್ ಆಗಿ ವರ್ಗವಾಗಿ ಬಂದೆ. ನಿವೃತ್ತಿಗೆ ಹೆಚ್ಚು ವರ್ಷ ಉಳಿದಿರಲಿಲ್ಲ. ನನ್ನ ಊರು ಪುತ್ತೂರಿನ ಹತ್ತಿರ ನರಿಮೊಗರು. ಕೊನೆಯ ಪೋಸ್ಟಿಂಗ್ ಮನೆಗೆ ಹತ್ತಿರವೇ ಸಿಕ್ಕಿತಲ್ಲ, ಇನ್ನು ನೆಮ್ಮದಿ ಎಂದುಕೊಂಡಿದ್ದೆ. ತೋಟಕ್ಕೆ ಬಂದ ಆನೆ ಓಡಿಸುವುದು, ಮರ ಕಡಿದವರ ಮೇಲೆ ಕೇಸು ಹಾಕುವುದು, ಬೇಸಿಗೆಯಲ್ಲಿ ಬೆಂಕಿ ನಂದಿಸುವುದು, ಇವೆಲ್ಲ ಮಾಡಿ ಮಾಡಿ ಅಭ್ಯಾಸವಾಗಿದ್ದ ಕೆಲಸ. ಇವು ಯಾವುವೂ ನನ್ನ ತಲೆ ಕೆಡಿಸಲಿಲ್ಲ. ತಲೆ ಕೆಡಿಸಿದ್ದು ಹೆಬ್ಬೆರಳಿನಷ್ಟು ದೊಡ್ಡ ಒಂದು ನೆಲಗಪ್ಪೆ, ಮತ್ತು ಅದನ್ನು ಉದ್ಧಾರ ಮಾಡಲು ಹೊರಟ ನಮ್ಮ ಜನ.

ನನ್ನ ವಲಯದ ಮೇಲ್ತುದಿಯಲ್ಲಿ ಎತ್ತಿನಬಾಣೆ ಎಂಬ ಗುಡ್ಡ ಉಂಟು. ಬುಡದಲ್ಲಿ ಅಡಿಕೆ ತೋಟ, ರಬ್ಬರ್ ತೋಟ. ಅದರ ಮೇಲೆ ದಟ್ಟ ಕಾಡು. ಕಾಡು ಮುಗಿದ ಕೂಡಲೇ ಮರವೇ ಇಲ್ಲದ ಹುಲ್ಲುಗಾವಲು, ಅಲ್ಲಲ್ಲಿ ಕಪ್ಪು ಬಂಡೆ. ಮೇಲೆ ಹತ್ತಿದವನಿಗೆ ಗಾಳಿ ಬಿಟ್ಟರೆ ಬೇರೆ ಎಂತದೂ ಸಿಗುವುದಿಲ್ಲ, ಹಾಗಾಗಿ ಊರಿನವರು ಆ ಕಡೆ ಹೋಗುವುದು ಕಡಿಮೆ. ವಿಶ್ವವಿದ್ಯಾಲಯವೊಂದರಿಂದ ಅನಘಾ ಎಂಬ ಸಂಶೋಧಕಿ ಅನುಮತಿ ಪಡೆದು ಬಂದು ಎರಡು ಮಳೆಗಾಲ ಅಲ್ಲೇ ಟೆಂಟ್ ಹಾಕಿ ಕೂತಿದ್ದಳು. ಜಿಗಣೆ ಕಚ್ಚಿಸಿಕೊಂಡು, ಜ್ವರ ಬರಿಸಿಕೊಂಡು, ಕೊನೆಗೆ ಈ ನೆಲಗಪ್ಪೆಯನ್ನು ಹುಡುಕಿದಳು. ಇದು ಎತ್ತಿನಬಾಣೆ ಬಿಟ್ಟು ಬೇರೆ ಎಲ್ಲಿಯೂ ಇದುವರೆಗೆ ಕಂಡಿಲ್ಲ ಎಂದು ಅವಳು ಹೇಳಿದಾಗ ನನಗೆ ದೊಡ್ಡದೇನೂ ಅನಿಸಲಿಲ್ಲ. ಒಮ್ಮೆ ಮೇಲೆ ಕರೆದುಕೊಂಡು ಹೋಗಿ ತೋರಿಸಿದಳು. ಮಣ್ಣಿನ ಬಣ್ಣ, ಮೈಯೆಲ್ಲ ತುರಿ ತುರಿ, ಹಾರಲಿಕ್ಕೂ ಉದಾಸೀನ. ಅಂಗೈ ಮೇಲೆ ಇಟ್ಟರೆ ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕೂತುಬಿಡುತ್ತದೆ. ನನಗೆ ಅದರ ಸ್ವಭಾವ ಇಷ್ಟವಾಯಿತು.

ಬೇಸಿಗೆಯಿಡೀ ಇವು ಸಡಿಲ ಕಲ್ಲುಗಳ ಅಡಿ, ಹುಲ್ಲಿನ ಬೇರಿನ ನಡುವೆ ಅಡಗಿರುತ್ತವೆ. ಜೂನ್ ತಿಂಗಳ ಮೊದಲ ಮಳೆ ಬಿದ್ದಾಗ ಎದ್ದು ಬಂದು ಮೊಟ್ಟೆ ಇಡುತ್ತವೆ. ಇಡುವುದು ಇಡೀ ಗುಡ್ಡದಲ್ಲಿ ಒಂದೇ ಕಡೆ, ಬಂಡೆಯ ಮೇಲಿನ ಒಂದು ಹೊಂಡದಲ್ಲಿ. ಒಂದು ಜೀಪು ನಿಲ್ಲಿಸುವಷ್ಟು ಜಾಗ, ಕಾಲಿಟ್ಟರೆ ಪಾದದ ಗಂಟಿನವರೆಗೆ ನೀರು. ಒಂದು ತುದಿಯಲ್ಲಿ ಸಣ್ಣ ಒರತೆ ಜಿನುಗುತ್ತದೆ, ಇನ್ನೊಂದು ತುದಿಯಲ್ಲಿ ನೀರು ಕೆಳಗೆ ಇಳಿಯುತ್ತದೆ. ತಳದಲ್ಲಿ ಎಷ್ಟೋ ವರ್ಷದಿಂದ ಕೊಳೆತ ಹುಲ್ಲಿನ ಕಪ್ಪು ಕೆಸರು, ಅಂಚಿನಲ್ಲಿ ಪಾಚಿ. ಮೊಟ್ಟೆಗಳು ದಾರಕ್ಕೆ ಪೋಣಿಸಿದ ಹಾಗೆ ಸರವಾಗಿ ಹುಲ್ಲುಕಡ್ಡಿಗೆ ಸುತ್ತಿಕೊಂಡಿರುತ್ತವೆ. ಮರಿಗಳು ತಿನ್ನುವುದು ಆ ಕೊಳೆತ ಕೆಸರನ್ನೇ. ಗುಡ್ಡದಲ್ಲಿ ಬೇರೆ ಕಡೆಯೂ ಮಳೆಗಾಲದಲ್ಲಿ ನೀರು ಉಂಟು, ಆದರೆ ಅದು ಓಡುವ ನೀರು, ಮೊಟ್ಟೆ ನಿಲ್ಲುವುದಿಲ್ಲ.

“ಕಳೆದ ವರ್ಷ ಹುಚ್ಚು ಮಳೆಗೆ ಮೊಟ್ಟೆಯೆಲ್ಲ ಕೊಚ್ಚಿ ಹೋಯ್ತು ಮೇಡಂ,” ಎಂದಳು ಅನಘಾ. “ಈ ವರ್ಷವೂ ತಪ್ಪಿದ್ರೆ ಇಲ್ಲಿ ಮುದಿ ಕಪ್ಪೆಗಳು ಮಾತ್ರ ಉಳೀತವೆ. ಅವು ಸತ್ರೆ ಮುಗೀತು. ಮೊದಲ ಮಳೆಯವರೆಗೆ ಈ ಹೊಂಡವನ್ನು ಯಾರೂ ಮುಟ್ಟದಿದ್ರೆ ಸಾಕು.” ಅದು ಏಪ್ರಿಲ್ ಕೊನೆ. ಒಂದು ತಿಂಗಳು ಒಂದು ಹೊಂಡವನ್ನು ಮುಟ್ಟದೆ ಇರುವುದು ಯಾವ ಮಹಾ ಕೆಲಸ ಎಂದು ನಾನು ಧೈರ್ಯ ಹೇಳಿದೆ.

ಆ ಸುದ್ದಿ ಹೇಗೋ ಪೇಪರಿಗೆ ಹೋಯಿತು. ಅಲ್ಲಿಂದ ನನ್ನ ಫೋನಿಗೆ ಪುರುಸೊತ್ತಿಲ್ಲ. ಅಜ್ಜಾವರದಿಂದ ಒಬ್ಬರು ಫೋನ್ ಮಾಡಿ ಆ ಕಪ್ಪೆಯಿಂದ ಅಸ್ತಮಾಕ್ಕೆ ಮದ್ದು ಆಗ್ತದಾ ಎಂದು ಕೇಳಿದರು. ಹೋಂಸ್ಟೇ ನಡೆಸುವ ಒಬ್ಬ, ಕಪ್ಪೆ ತೋರಿಸುವ ಟ್ರೆಕ್ಕಿಂಗ್ ಶುರು ಮಾಡುವ ಯೋಜನೆ ಹಿಡಿದು ಆಫೀಸಿಗೇ ಬಂದ. ಕೆದಂಬಾಡಿಯ ನನ್ನ ಅತ್ತಿಗೆ, “ಸರಕಾರ ನಿನಗೆ ಸಂಬಳ ಕೊಡುದು ಕಪ್ಪೆ ಕಾಯ್ಲಿಕ್ಕಾ?” ಎಂದು ನಾಲ್ಕು ಜನರ ಎದುರು ಕೇಳಿ ನಗಾಡಿದರು. ಇದೆಲ್ಲ ಒಂದು ಕಡೆ. ಇನ್ನೊಂದು ಕಡೆ ಚಾಕೋ ಚೇಟ್ಟ, ಎಂದರೆ ಚಾಕೋ ಅಣ್ಣ.

ಚಾಕೋ ಚೇಟ್ಟನ ಅಪ್ಪ ಕೇರಳದಿಂದ ಬಂದು ಗುಡ್ಡದ ಬುಡದಲ್ಲಿ ರಬ್ಬರ್ ಹಾಕಿದವರು. ಈಗ ಅವರಿಗೆ ಅರುವತ್ತು ದಾಟಿದೆ. ಆ ಭಾಗದಲ್ಲಿ ಪಂಪು ಗಿಂಪು ಇಲ್ಲ, ಗುಡ್ಡದ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಪೈಪ್ ಇಟ್ಟರೆ ನೀರು ತಾನಾಗಿ ಮನೆಗೆ, ತೋಟಕ್ಕೆ ಇಳಿಯುತ್ತದೆ. ಚಾಕೋ ಚೇಟ್ಟನ ಪೈಪ್ ಕಾಡಿನ ಅಂಚಿನ ತೋಡಿನಿಂದ ಬರುವುದು. ಅದು ಅಪ್ಪನ ಕಾಲದ್ದು. ಅವರು ಬಂದು ನನ್ನ ಮೇಜಿನ ಎದುರು ಕೂರಲೂ ಇಲ್ಲ.

“ಮೇಡಂ, ಈಗ ಕಪ್ಪೆ ಸಿಕ್ಕಿತು. ನಾಳೆ ನೀವು ಪೈಪ್ ತೆಗೀರಿ ಹೇಳ್ತೀರಿ. ನಾಡಿದ್ದು ಮನೆ ಬಿಡಿ ಹೇಳ್ತೀರಿ. ಅಲ್ವಾ?”

“ಕಪ್ಪೆ ಇರುವುದು ಮೇಲೆ ಬಾಣೆಯಲ್ಲಿ. ನಿಮ್ಮ ಪೈಪಿಗೂ ಅದಕ್ಕೂ ಎಂತ ಸಂಬಂಧ ಮಾರಾಯ್ರೆ?”

“ಎಲ್ಲರೂ ಶುರುವಿಗೆ ಹಾಗೇ ಹೇಳುದು,” ಎಂದು ಎದ್ದು ಹೋದರು. ಎದ್ದು ಹೋದರು ಎಂದರೆ ನಿಂತಲ್ಲಿಂದಲೇ ಹೋದರು.

ಈ ಹೆದರಿಕೆ ಊರೆಲ್ಲ ಹಬ್ಬುವ ಮೊದಲು ಬಾಯಿ ಬಿಟ್ಟು ಮಾತಾಡುವುದು ಒಳ್ಳೆಯದು ಎಂದು ಯುವಕ ಮಂಡಲದ ಕಟ್ಟಡದಲ್ಲಿ ಒಂದು ಸಭೆ ಕರೆದೆ. ಮಂಡಲದ ಅಧ್ಯಕ್ಷ ಪದ್ಮನಾಭ ಗೌಡರು. ಯುವಕ ಮಂಡಲ ಎಂಬ ಹೆಸರಿಗೆ ಅವರ ವಯಸ್ಸು ಹೊಂದುವುದಿಲ್ಲ, ಆದರೆ ರಸ್ತೆಗೆ ಮಣ್ಣು ಹಾಕುವುದಿರಲಿ, ಶಾಲೆಯ ಹಂಚು ತಿರುವುವುದಿರಲಿ, ಬಸ್ ಸ್ಟ್ಯಾಂಡಿಗೆ ಬಣ್ಣ ಬಳಿಯುವುದಿರಲಿ, ಆದಿತ್ಯವಾರ ಬೆಳಿಗ್ಗೆ ಜನ ಸೇರಿಸಿ ಮುಗಿಸಿಬಿಡುವ ಆಸಾಮಿ. ಅನಘಾ ಫೋಟೋ ತೋರಿಸಿ, ಬೇಸಿಗೆಯಲ್ಲಿ ಇವು ಕಲ್ಲಿನ ಅಡಿ ಇರುತ್ತವೆ ಎಂದಳು. ನಾನು ಮಾತಾಡಿದೆ. ಯಾರ ಪೈಪೂ ತೆಗೆಯುವುದಿಲ್ಲ, ಯಾರ ತೋಟಕ್ಕೂ ಬರುವುದಿಲ್ಲ, ಆ ಹೊಂಡದ ಹತ್ತಿರ ಮಾತ್ರ ಮಳೆಗಾಲ ಮುಗಿಯುವವರೆಗೆ ಯಾರೂ ಹೋಗಬೇಡಿ, ಪ್ರಪಂಚದಲ್ಲಿ ಬೇರೆಲ್ಲೂ ಕಾಣದ ಜೀವ ನಿಮ್ಮ ಊರಿನಲ್ಲಿದೆ ಎಂದೆ. ಎಲ್ಲರಿಗೂ ಅರ್ಥವಾಯಿತು ಎಂದೇ ನಾನು ತಿಳಿದದ್ದು. ಪದ್ಮನಾಭ ಗೌಡರು ಎದ್ದು ನಿಂತು, “ನಮ್ಮ ಊರಿಗೆ ಇದು ಹೆಮ್ಮೆ. ಮಂಡಲದ ವತಿಯಿಂದ ಎಂತ ಸಹಕಾರ ಬೇಕಾದ್ರೂ ಕೊಡ್ತೇವೆ,” ಎಂದರು. ಚಪ್ಪಾಳೆಯೂ ಬಿತ್ತು.

ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮೇ ತಿಂಗಳ ಮೂರನೇ ವಾರದಲ್ಲಿ ಮೇಲಿನ ಸಾಹೇಬರು ಒಬ್ಬರಿಗೆ ಕಪ್ಪೆಯ ಜಾಗ ನೋಡುವ ಮನಸ್ಸಾಯಿತು. ಈಗ ಬೇಡ ಸರ್, ಕಪ್ಪೆ ಕಲ್ಲಿನ ಅಡಿಯಲ್ಲಿರುತ್ತವೆ, ಕಾಣಲಿಕ್ಕೆ ಸಿಗುವುದಿಲ್ಲ ಎಂದೆ. ಕಪ್ಪೆ ಕಾಣದಿದ್ದರೆ ಜಾಗ ನೋಡಿ ಬರುತ್ತೇನೆ, ಬುಧವಾರ ಬರುತ್ತೇನೆ ಎಂದರು. ಇಲಾಖೆಯಲ್ಲಿ ಇದಕ್ಕೆ ಎದುರು ಮಾತಿಲ್ಲ. ಸಾಹೇಬರು ಬರುವ ಸುದ್ದಿ ಊರಿಗೆ ಮುಟ್ಟಿತು. ಮುಟ್ಟಿದ ಮೇಲೆ ನಮ್ಮ ಜನ ಕೈಕಟ್ಟಿ ಕೂರುವುದುಂಟಾ?

ಆದಿತ್ಯವಾರ ನಾನು ಮನೆಗೆಂದು ನರಿಮೊಗರಿಗೆ ಹೋಗಿದ್ದೆ. ಸೋಮವಾರ ಅನಘಾಳ ಜೊತೆ ಗುಡ್ಡ ಹತ್ತಿದೆ. ಕಾಡು ದಾಟಿ ಬಯಲಿಗೆ ಬಂದ ಕೂಡಲೇ ಏನೋ ಬೇರೆ ಅನಿಸಿತು. ಹುಲ್ಲು ಇರಲಿಲ್ಲ. ತೋಟದ ಕಳೆ ಕೊಚ್ಚುವ ಮೆಷಿನ್ ತಂದು ಹೊಂಡದವರೆಗೆ ಅಚ್ಚುಕಟ್ಟಾಗಿ ದಾರಿ ಮಾಡಿದ್ದರು. ಸಡಿಲ ಕಲ್ಲುಗಳನ್ನೆಲ್ಲ ಆರಿಸಿ ತಂದು ಸಾಲಾಗಿ ಮೆಟ್ಟಿಲು ಕಟ್ಟಿದ್ದರು. ಎರಡೂ ಬದಿ ಸುಣ್ಣದ ಗೆರೆ. ಹೊಂಡದ ಹತ್ತಿರ ಎರಡು ಕಂಬ ನೆಟ್ಟು ಮಾವಿನೆಲೆಯ ತೋರಣ. ಹೊಂಡದ ಒಳಗೆ ಕೆಸರಿಲ್ಲ, ಪಾಚಿ ಇಲ್ಲ, ಒಂದು ಹುಲ್ಲುಕಡ್ಡಿ ಇಲ್ಲ. ಬಂಡೆಯನ್ನು ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದರು. ತಿಳಿ ನೀರಿನಲ್ಲಿ ತಳ ಕಾಣುತ್ತಿತ್ತು, ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಅನಘಾ ಬಂಡೆಯ ಮೇಲೆ ಕೂತು ಅಳಲು ಶುರು ಮಾಡಿದಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಹಿಂದಿನಿಂದ ಬಂದ ನಮ್ಮ ಗಾರ್ಡ್ ಬಾಲಕೃಷ್ಣನನ್ನು ಹಿಡಿದು ಕೇಳಿದೆ, ಇಷ್ಟು ಜನ ಹತ್ತಿ ಬರುವಾಗ ನೀನು ಎಲ್ಲಿ ಸತ್ತಿದ್ದೆ ಎಂದು. ಅವನು ತಲೆ ತಗ್ಗಿಸಿ, “ನಾನೂ ಬಂದಿದ್ದೆ ಮೇಡಂ. ಅವರು ಮರ ಕಡೀಲಿಕ್ಕೆ ಬಂದದ್ದಲ್ಲ ಅಲ್ವಾ. ಒಳ್ಳೆ ಕೆಲಸಕ್ಕೆ ಬಂದದ್ದು. ಹೇಗೆ ಬೇಡ ಹೇಳುದು?” ಎಂದ. ಅವಲಕ್ಕಿ, ಚಹಾ ಎಲ್ಲ ಅವನಿಗೂ ಕೊಟ್ಟಿದ್ದರಂತೆ. ಕೊಡಲಿ ಹಿಡಿದು ಬಂದವನನ್ನು ತಡೆಯಲು ನಾನು ಇವರಿಗೆ ಕಲಿಸಿದ್ದೆ, ಪೊರಕೆ ಹಿಡಿದು ಬಂದವನನ್ನು ಎಂತ ಮಾಡಬೇಕೆಂದು ಯಾವ ಟ್ರೈನಿಂಗಿನಲ್ಲೂ ಹೇಳಿರಲಿಲ್ಲ.

ಕೆಳಗಿಳಿದವಳೇ ಸೀದಾ ಪದ್ಮನಾಭ ಗೌಡರ ಅಂಗಳಕ್ಕೆ ಹೋದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವರು ಕೇಳುವಷ್ಟು ಕೇಳಿದರು.

“ಮೇಡಂ, ನಾವು ಸಹ ತೋಟ ಮಾಡುವವರು. ಮಳೆಗಾಲಕ್ಕೆ ಮೊದಲು ನೀರಿನ ಟ್ಯಾಂಕಿ ಖಾಲಿ ಮಾಡಿ, ಉಜ್ಜಿ, ಪೌಡರ್ ಹಾಕಿ ತೊಳೀದಿದ್ರೆ ಮಕ್ಕಳಿಗೆ ಹುಷಾರಿಲ್ಲದಾಗ್ತದೆ. ಹತ್ತಿರ ಹೋಗ್ಬೇಡಿ ಹೇಳಿದ್ದು ಹಾಳು ಮಾಡುವವರಿಗೆ ಅಂತ ನಾವು ತಿಳಿದದ್ದು. ಆ ಹೊಂಡ ನೋಡಿದ್ರೆ ವಾಕರಿಕೆ ಬರ್ತಿತ್ತು. ಅಷ್ಟು ಬೆಲೆಬಾಳುವ ಕಪ್ಪೆ ಅಂಥ ಗಲೀಜಿನಲ್ಲಿ ಇರುದಾ? ಅದಕ್ಕೆ ಒಳ್ಳೆದಾಗ್ಲಿ ಅಂತ ಮಾಡಿದ್ದು. ಊಟ ಬಿಟ್ಟು ಮಾಡಿದ್ದು.”

ಹಾಳು ಮಾಡಲು ಬಂದವನಾದರೆ ಕೇಸು ಹಾಕಿ ಒಳಗೆ ಕೂರಿಸಬಹುದು. ಹೆಗಲಲ್ಲಿ ಹಾರೆ, ಮುಖದಲ್ಲಿ ಸಂತೋಷ ಇಟ್ಟುಕೊಂಡು ಗುಡ್ಡ ಹತ್ತಿದ ನಲವತ್ತು ಚಿಲ್ಲರೆ ಜನರ ಮೇಲೆ ಯಾವ ಸೆಕ್ಷನ್ ಹಾಕುವುದು? ಸೆಕ್ಷನ್ ಇತ್ತು, ಹಾಕುವ ಮನಸ್ಸು ನನಗಿರಲಿಲ್ಲ. ನಾನು ಅವರ ಜಗಲಿಯಲ್ಲಿ ಕೂತು ಒಂದು ಚೊಂಬು ನೀರು ಕುಡಿದೆ.

ಅಷ್ಟರಲ್ಲಿ ನನ್ನ ಹಿಂದೆಯೇ ಬಂದಿದ್ದ ಅನಘಾ ಕಣ್ಣೊರೆಸಿಕೊಂಡು ಲೆಕ್ಕ ಹಾಕಲು ಶುರು ಮಾಡಿದ್ದಳು. ಮಳೆಗೆ ಇನ್ನೂ ಸ್ವಲ್ಪ ದಿನ ಉಂಟು. ಬ್ಲೀಚಿಂಗ್ ಬಿಸಿಲಿಗೆ ಹೋಗುತ್ತದೆ, ಹೊಂಡವನ್ನು ಒರತೆಯ ನೀರಿನಲ್ಲೇ ಮತ್ತೆ ಮತ್ತೆ ತೊಳೆದರೆ ಆಯಿತು. ಕಲ್ಲುಗಳನ್ನು ಬಿಚ್ಚಿ ಹರಡಬಹುದು. ಆದರೆ ಕೆಸರು ಬೇಕು. ಅದೇ ಕೆಸರು ಬೇಕು, ಬೇರೆ ಕಡೆಯದು ಆಗುವುದಿಲ್ಲ, ಅದಿಲ್ಲದೆ ಮರಿಗಳು ತಿನ್ನುವುದು ಬಂಡೆಯನ್ನಾ? ತೆಗೆದ ಕೆಸರನ್ನು ಗುಡ್ಡದ ಮೇಲೆಯೇ ಎಲ್ಲಾದರೂ ರಾಶಿ ಹಾಕಿರುತ್ತಾರೆ ಎಂದು ನಾವು ತಿಳಿದಿದ್ದೆವು.

“ಅಷ್ಟು ಒಳ್ಳೆ ಕಪ್ಪು ಮಣ್ಣನ್ನು ಅಲ್ಲಿ ಬಿಟ್ಟು ಬರುದಾ ಮೇಡಂ?” ಎಂದರು ಪದ್ಮನಾಭ ಗೌಡರು.

ಗೋಣಿಯಲ್ಲಿ ತುಂಬಿ ಹೊತ್ತು ತಂದಿದ್ದರು. ಅಡಿಕೆ ಬೆಳೆಯುವವನ ಕೈಗೆ ಕೊಳೆತ ಹುಲ್ಲಿನ ಮಣ್ಣು ಸಿಕ್ಕಿದರೆ ಅವನು ಅದನ್ನು ಬಿಡುತ್ತಾನಾ? ಗೌಡರ ಪಾಲಿನದು ಆಗಲೇ ಅಡಿಕೆ ಸಸಿಗಳ ಬುಡ ಸೇರಿತ್ತು, ಮೇಲೆ ಹಟ್ಟಿಗೊಬ್ಬರವೂ ಬಿದ್ದಿತ್ತು. ಅವರ ತಾಯಿ ಒಂದು ಬುಟ್ಟಿ ತೆಗೆದು ಆಂಥೂರಿಯಂ ಚಟ್ಟಿಗಳಿಗೆ ತುಂಬಿಸಿದ್ದರು. ನಾನು ಚಟ್ಟಿಯ ಕಡೆ ನೋಡಿದ್ದಕ್ಕೆ ಆ ಅಜ್ಜಿ ಅದನ್ನು ಎತ್ತಿ ಒಳಗೆ ಇಟ್ಟರು. ಮನೆ ಮನೆ ತಿರುಗಿದೆವು. ಯೂನಿಫಾರ್ಮ್ ಹಾಕಿಕೊಂಡು ಹೋಗಿ ನಿಮ್ಮ ಮನೆಯಲ್ಲಿ ಕೆಸರು ಉಂಟಾ ಎಂದು ಕೇಳುವ ಭಾಗ್ಯ ನನ್ನ ಸರ್ವಿಸಿನ ಕೊನೆಗೆ ಬಂತು. ಎಲ್ಲ ಕಡೆಯೂ ಗೊಬ್ಬರ ಬೆರೆತಿತ್ತು. ಯಾರೂ ಮುಟ್ಟದ ಕೆಸರು ಉಳಿದದ್ದು ಒಂದೇ ಕಡೆ, ಚಾಕೋ ಚೇಟ್ಟನ ಹತ್ತಿರ. ಕಾಳುಮೆಣಸಿನ ಬಳ್ಳಿಗೆ ಹಾಕಬೇಕೆಂದು ಎಂಟೊಂಬತ್ತು ಗೋಣಿ ಹೊರಿಸಿ ತಂದು, ಪುರುಸೊತ್ತಾಗದೆ ರಬ್ಬರ್ ಶೀಟ್ ಒಣಗಿಸುವ ಶೆಡ್ಡಿನಲ್ಲಿ ಇಟ್ಟಿದ್ದರಂತೆ.

ಕಪ್ಪೆಯನ್ನು ಕಂಡರಾಗದ ಮನುಷ್ಯ ಅದರ ಹೊಂಡಕ್ಕೆ ಮಣ್ಣು ಹಿಂದೆ ಕೊಡುತ್ತಾರಾ? ಕೇಳುವುದು ಹೇಗೆಂದು ನಾನು ಮಂಗಳವಾರ ಬೆಳಿಗ್ಗೆ ಆಫೀಸಿನಲ್ಲಿ ತಲೆ ಕೆರೆದುಕೊಳ್ಳುತ್ತಿರುವಾಗ ಅವರೇ ಬಂದರು. ಈ ಸಲವೂ ಕೂರಲಿಲ್ಲ.

“ಮೇಡಂ, ನಮ್ಮ ಪೈಪಿಗೆ ಯಾರೋ ಮದ್ದು ಹಾಕಿದ್ದಾರೆ. ನಿನ್ನೆಯಿಂದ ಅಡುಗೆ ಮನೆಯ ನೀರು ವಾಸನೆ. ದನ ಸಹ ಕುಡೀಲಿಲ್ಲ.”

“ಎಂಥ ವಾಸನೆ?”

“ಬ್ಲೀಚಿಂಗಿನ ಹಾಗೆ.” ಹೇಳಿದ ಮೇಲೆಯೇ ಅವರಿಗೂ ಹೊಳೆಯಿತು. ಕಪ್ಪೆ ಬೇಡದಿದ್ದರೂ ಕಪ್ಪು ಮಣ್ಣಿನ ಆಸೆಗೆ, ಪೌಡರಿನ ಚೀಲ ಹೊತ್ತುಕೊಂಡು ಗುಡ್ಡ ಹತ್ತಿದವರಲ್ಲಿ ಅವರೂ ಒಬ್ಬರು.

ಅಪ್ಪನ ಕಾಲದಿಂದ ಅವರು ತೋಡಿಗೆ ಪೈಪ್ ಇಟ್ಟ ಜಾಗ ನೋಡಿದ್ದರು, ತೋಡು ಎಲ್ಲಿಂದ ಬರುತ್ತದೆಂದು ಮೇಲೆ ಹೋಗಿ ನೋಡುವ ಅಗತ್ಯ ಬಿದ್ದಿರಲಿಲ್ಲ. ನಾನೂ ನೋಡಿರಲಿಲ್ಲ, ಎಂತ ಸಂಬಂಧ ಎಂದು ದೊಡ್ಡದಾಗಿ ಕೇಳಿದ್ದೆ. ಆ ಹೊಂಡದಿಂದ ಇಳಿಯುವ ನೀರೇ ಕಾಡಿನೊಳಗೆ ಹಾದು ಅವರ ಪೈಪಿಗೆ ಬರುತ್ತಿತ್ತು. ಈಗ ಕುರ್ಚಿ ಎಳೆದು ಕೂತರು.

“ಅಂದ್ರೆ ಆ ಕಪ್ಪೆ ಕೂತ ನೀರನ್ನೇ ನಾವು ಕುಡೀತಾ ಇದ್ದದ್ದು.”

“ಇಷ್ಟು ವರ್ಷ ಎಂತ ಆಗಿದೆ ನಿಮಗೆ?”

“ಎಂತದೂ ಆಗ್ಲಿಲ್ಲ. ನಾವು ತೊಳೆದ ಮೇಲೆಯೇ ಆದದ್ದು,” ಎಂದರು. “ಗೋಣಿ ಎಲ್ಲ ಹಾಗೇ ಉಂಟು. ಯಾವಾಗ ಹೊರುದು?” ಎಂದು ಅವರೇ ಕೇಳಿದರು.

ಅದೇ ದಿನ ಹೊತ್ತೆವು. ಪದ್ಮನಾಭ ಗೌಡರು ಜನ ಸೇರಿಸಿದರು. ಮಾಡಿದ ಶ್ರಮದಾನವನ್ನು ಬಿಚ್ಚಲು ಇನ್ನೊಂದು ಶ್ರಮದಾನ. ಹೆಚ್ಚು ಜನ ಬೇಡ ಎಂದು ಅನಘಾ ಹಟ ಹಿಡಿದದ್ದರಿಂದ ಹತ್ತಾರು ಮಂದಿ ಮಾತ್ರ ಬಂದರು, ಬಾಕಿಯವರಿಗೆ ಕೋಪವೂ ಬಂತು. ಮೆಟ್ಟಿಲು ಬಿಚ್ಚಿ ಕಲ್ಲುಗಳನ್ನು ಅವಳು ಹೇಳಿದ ಕಡೆ ಇಟ್ಟೆವು. ಒಂದು ಕಲ್ಲಿನ ಅಡಿ ಜಜ್ಜಿದ ಕಪ್ಪೆ ಸಿಕ್ಕಿತು. ಇನ್ನೊಂದರ ಅಡಿಯೂ ಸಿಕ್ಕಿತು. ಪದ್ಮನಾಭ ಗೌಡರು ಅದನ್ನು ಎಲೆಯ ಮೇಲೆ ತೆಗೆದಿಟ್ಟು, “ಇದು ಇಲ್ಲಿ ಅಡಿಯಲ್ಲಿ ಇರ್ತದೆ ಅಂತ ಗೊತ್ತಿರ್ಲಿಲ್ಲ ಮೇಡಂ,” ಎಂದರು. ಸಭೆಯಲ್ಲಿ ನಾವು ಹೇಳಿದ್ದೆವು. ಆದರೆ ಆ ಮುಖ ನೋಡಿ ಅದನ್ನು ನೆನಪಿಸುವ ಮನಸ್ಸಾಗಲಿಲ್ಲ. ಸುಣ್ಣ ಕೆರೆದೆವು, ತೋರಣ ಕಿತ್ತೆವು, ನೀರು ಮೊಗೆದು ಮೊಗೆದು ಚೆಲ್ಲಿದೆವು, ಗೋಣಿಗಳನ್ನು ಸುರಿದೆವು. ಸಂಜೆಗೆ ಹೊಂಡ ಮೊದಲಿನ ಹಾಗೆ ನಾರುತ್ತಿತ್ತು. ಅನಘಾ ಮೂಸಿ ನೋಡಿ ತಲೆಯಾಡಿಸಿದಳು.

ಬುಧವಾರ ಸಾಹೇಬರು ಬಂದರು. ಏದುಸಿರು ಬಿಡುತ್ತಾ ಹತ್ತಿ ಹೊಂಡದ ಎದುರು ನಿಂತು ಮೂಗಿಗೆ ಕರ್ಚೀಫ್ ಹಿಡಿದರು. “ಏನ್ರೀ ಮೇಡಂ ಇದು? ಇಷ್ಟು ಅಪರೂಪದ ಪ್ರಾಣಿ ಅಂತೀರಾ, ಜಾಗ ಇಷ್ಟು ಗಲೀಜಾಗಿ ಇಟ್ಟಿದ್ದೀರಾ? ಸ್ವಲ್ಪ ಕ್ಲೀನ್ ಮಾಡಿಸಬಾರದಾ?”

ನನ್ನ ಹಿಂದೆ ಪದ್ಮನಾಭ ಗೌಡರು ನಿಂತಿದ್ದರು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಎರಡು ದಿನದ ಸಿಟ್ಟೆಲ್ಲ ಸೇರಿ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಗೌಡರು ಮುಂದೆ ಬಂದು ಕೈ ಮುಗಿದು ಹೇಳಿದರು, “ಸರ್, ಅದನ್ನು ಮುಟ್ಲಿಕ್ಕಿಲ್ಲ. ಕೆಸರು ಅದರ ಮರಿಗಳ ಊಟ. ಕಲ್ಲು ಅದರ ಮನೆ. ದಯಮಾಡಿ ಆ ಕಲ್ಲಿನ ಮೇಲೆ ನಿಲ್ಬೇಡಿ.” ಸಾಹೇಬರು ಕಾಲು ತೆಗೆದು ಪಕ್ಕಕ್ಕೆ ನಿಂತರು.

ಜೂನ್ ಮೊದಲ ವಾರ ಮಳೆ ಬಂತು. ಅನಘಾ ಒಬ್ಬಳೇ ಮೇಲಿದ್ದಳು. ನಾನು ಅವಳ ಫೋನಿಗಾಗಿ ಕಾದು ಕಾದು ಸುಸ್ತಾದೆ. ಗುಡ್ಡದಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ, ಕೊನೆಗೆ ಸಿಕ್ಕಿದಾಗ ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು. ಕಪ್ಪೆಗಳು ಬಂದಿವೆ, ಹಿಂದಿನ ವರ್ಷಕ್ಕಿಂತ ಬಹಳ ಕಡಿಮೆ, ಆದರೆ ಮೊಟ್ಟೆಯ ಸರ ಉಂಟು ಎಂಬಷ್ಟು ಕೇಳಿಸಿತು. ಆ ವರ್ಷ ಮರಿಗಳು ಕಾಲು ಮೂಡಿಸಿಕೊಂಡು ಹುಲ್ಲಿಗೆ ಹತ್ತಿದವು. ನಾನು ಮಾತ್ರ ಮೇಲೆ ಹೋಗಲಿಲ್ಲ. ನೆರೆ, ಗುಡ್ಡ ಕುಸಿತ, ರಸ್ತೆಗೆ ಬಿದ್ದ ಮರ, ಮಳೆಗಾಲದ ರೇಂಜರಿಗೆ ಕಪ್ಪೆ ನೋಡುವ ಪುರುಸೊತ್ತು ಎಲ್ಲಿ? ನಿವೃತ್ತಿಯಾದ ಮೇಲೆ ಆರಾಮದಲ್ಲಿ ನೋಡೋಣ ಎಂದುಕೊಂಡೆ.

ನಿವೃತ್ತಿಯಾದ ವರ್ಷ ಜೂನ್ ತಿಂಗಳಲ್ಲಿ ಕೊಡೆ ಹಿಡಿದು ಹೋದೆ. ಕಾಡಿನ ದಾರಿ ಶುರುವಾಗುವಲ್ಲಿ ಒಂದು ಪ್ಲಾಸ್ಟಿಕ್ ಹೊದಿಸಿದ ಚಪ್ಪರ. ಒಳಗೆ ರೈನ್‌ಕೋಟ್ ಹಾಕಿ ಚಾಕೋ ಚೇಟ್ಟ ಕೂತಿದ್ದರು. ಮೊಟ್ಟೆಯ ಸಮಯದಲ್ಲಿ ಊರಿನವರೇ ಸರದಿಯಲ್ಲಿ ಕಾಯಲು ಹೊಸ ರೇಂಜರ್ ಒಪ್ಪಿದ್ದರಂತೆ.

“ಮೇಲೆ ಹೋಗ್ಲಿಕ್ಕಿಲ್ಲ ಮೇಡಂ.”

“ನಾನು ಮಾರಾಯ್ರೆ. ಗುರ್ತ ಆಗ್ಲಿಲ್ವಾ?”

“ಗುರ್ತ ಆಗದೆ ಎಂತ? ಅನಘಾ ಬಿಟ್ಟು ಯಾರಿಗೂ ಇಲ್ಲ. ಪದ್ಮನಾಭಣ್ಣನಿಗೂ ಇಲ್ಲ.”

“ನಾನು ಎಂತದೂ ಮುಟ್ಟುದಿಲ್ಲ. ದೂರದಿಂದ ನೋಡಿ ಬರ್ತೇನೆ.”

“ಕಾಲು ಇಡದೆ ನೋಡ್ಲಿಕ್ಕೆ ಆಗ್ತದಾ? ಈಗ ಹುಲ್ಲಿನಲ್ಲೆಲ್ಲ ಅದೇ ಇರುದು.”

ನಾನು ಬೈದೆ. ಈ ಗುಡ್ಡಕ್ಕೆ ನಾನು ರೇಂಜರ್ ಆಗಿದ್ದವಳು ಎಂದೆ. ನನ್ನಿಂದಲೇ ಇದೆಲ್ಲ ಉಳಿದದ್ದು ಎಂದೂ ಹೇಳಿಬಿಟ್ಟೆ. ಅವರು ಎಲ್ಲವನ್ನೂ ಕೇಳಿ, ಫ್ಲಾಸ್ಕಿನಿಂದ ಹಾಲಿಲ್ಲದ ಕಟ್ಟಂಚಾಯ ಬಗ್ಗಿಸಿ ಕೊಟ್ಟು, ದಾರಿಗೆ ಅಡ್ಡವಾಗಿ ಕೂತೇ ಇದ್ದರು. ಚಹಾ ಕುಡಿದು ವಾಪಸು ಹೊರಟೆ. ಕಡಬದ ಬಸ್ಸಿನಲ್ಲಿ ಕೂತಾಗಲೂ ಸಿಟ್ಟು ಇಳಿದಿರಲಿಲ್ಲ.

ನಮ್ಮ ಕಡೆಯ ಜನರಿಗೆ ಕೈ ಸುಮ್ಮನಿರುವುದಿಲ್ಲ. ಪ್ರೀತಿ ಬಂದರೆ ತೊಳೆಯುತ್ತಾರೆ, ಕಟ್ಟುತ್ತಾರೆ, ನೆಡುತ್ತಾರೆ. ಯಾವುದಾದರೂ ಒಂದನ್ನು ಅದರ ಪಾಡಿಗೆ ಬಿಟ್ಟು ಕೂರುವುದೂ ಒಂದು ಕೆಲಸ, ಅದಕ್ಕೂ ಆಳು ಬೇಕು ಎಂದು ಕಾಡಿನ ಇಲಾಖೆಯಲ್ಲಿ ಇಷ್ಟು ವರ್ಷ ಇದ್ದೂ ನಾನು ಸರಿಯಾಗಿ ತಿಳಿದಿರಲಿಲ್ಲ. ಸರ್ವಿಸಿಡೀ ಬೇರೆಯವರನ್ನು ಕಾಡಿನ ಹೊರಗೆ ನಿಲ್ಲಿಸಿದವಳಿಗೆ, ಹೊರಗೆ ನಿಂತು ವಾಪಸು ಬರುವುದು ಎಷ್ಟು ಕಷ್ಟ ಎಂದು ಆ ದಿನ ಗೊತ್ತಾಯಿತು. ಆ ಮೊಟ್ಟೆಯ ಸರವನ್ನು ನಾನು ಇವತ್ತಿನವರೆಗೆ ನೋಡಿಲ್ಲ.